ಬೊಚ್ಚುಬಾಯಿಯ ರಾಜನಿಗೆ ಒಂದು ಸ್ಟಾರ್

ಪಾರ್ಸೆಲ್ ಬಿಚ್ಚಿ ಬೆಳ್ಳಿ ನಾಣ್ಯವನ್ನು ಅಂಗೈ ಮೇಲೆ ಇಟ್ಟುಕೊಂಡ ಕೂಡಲೇ ಹಲ್ಲಪ್ಪನಿಗೆ ಗೊತ್ತಾಯಿತು: ಇದರ ಮೇಲಿರುವ ರಾಜನಿಗೆ ಒಂದು ಹಲ್ಲೂ ಇಲ್ಲ.

ರಾಜನ ಬಾಯಿ ಮುಚ್ಚಿತ್ತು, ನಿಜ. ಆದರೆ ಹಲ್ಲಪ್ಪ ಅಂತ ಬೀದಿಯವರು ಸುಮ್ಮನೆ ಕರೆಯುತ್ತಿರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಮುದುಕರಿಗೆಲ್ಲ ಹಲ್ಲಿನ ಸೆಟ್ ಮಾಡಿಕೊಟ್ಟವನಿಗೆ ಬಾಯಿ ಬಿಡಿಸಿ ನೋಡುವ ಅಗತ್ಯವಿಲ್ಲ. ತುಟಿ ಒಳಕ್ಕೆ ಮಡಚಿತ್ತು, ಕೆನ್ನೆ ಗುಳಿ ಬಿದ್ದಿತ್ತು, ಗದ್ದ ಮೂಗಿನ ತುದಿಯ ಯೋಗಕ್ಷೇಮ ವಿಚಾರಿಸಲು ಮೇಲಕ್ಕೆ ಹೊರಟಿತ್ತು. ವೆಬ್‌ಸೈಟಿನ ಫೋಟೋದಲ್ಲಾದರೋ ಅದೇ ರಾಜ ಮದುವೆ ಗಂಡಿನ ಹಾಗೆ ಕೆನ್ನೆ ತುಂಬಿಕೊಂಡು ಮೆರೆಯುತ್ತಿದ್ದ.

ಬೇರೆ ನಾಣ್ಯ ಕಳಿಸಿ ಟೋಪಿ ಹಾಕಿದ್ದಾರೆ ಅಂದುಕೊಂಡು ಭೂತಗನ್ನಡಿ ಹಿಡಿದ. ಅಂಚಿನ ಕಚ್ಚು ಫೋಟೋದಲ್ಲಿದ್ದ ಜಾಗದಲ್ಲೇ ಇತ್ತು. ತೂಕ ಹೇಳಿದಷ್ಟೇ ಇತ್ತು. ನಾಣ್ಯ ಅದೇ, ಮುಖಕ್ಕೆ ಮಾತ್ರ ಮೂವತ್ತು ವರ್ಷ ಜಾಸ್ತಿಯಾಗಿತ್ತು. ಫೋಟೋ ತಿದ್ದಿದ್ದಾರೆ, ಇನ್ನೇನು. ಹಲ್ಲಿನ ಅಚ್ಚಿನ ಪ್ಲಾಸ್ಟರ್ ಮೆತ್ತಿದ ಬೆರಳಲ್ಲೇ ಫೀಡ್‌ಬ್ಯಾಕ್ ಒತ್ತಿದ. ಒಂದು ಸ್ಟಾರ್. ‘ಫೋಟೋದಲ್ಲಿ ಇದ್ದವರೇ ಬೇರೆ, ಮನೆಗೆ ಬಂದವರೇ ಬೇರೆ.’

ಹತ್ತು ನಿಮಿಷಕ್ಕೆ ಫೋನು ಬಂತು. ನಾಣ್ಯ ಮಾರಿದಾಕೆ. ವಯಸ್ಸಾದ, ದಣಿದ ದನಿ.

“ಸಾರ್, ಈ ತಿಂಗಳಲ್ಲಿ ಇದು ಎರಡನೇ ಒಂದು ಸ್ಟಾರು. ಐದು ಗಂಟೆಯೊಳಗೆ ನೀವು ಬದಲಾಯಿಸದೆ ಹೋದ್ರೆ ವೆಬ್‌ಸೈಟಿನವರು ನನ್ನ ಅಂಗಡಿ ಮುಚ್ಚಿಬಿಡ್ತಾರೆ. ನಮ್ಮೆಜಮಾನ್ರು ಬಿಟ್ಟುಹೋದ ನಾಣ್ಯ ಮಾರ್ಕೊಂಡೇ ನಾನು ಬದುಕ್ತಿರೋದು.”

“ಹಾಗಂತ ಫೋಟೋ ತಿದ್ದಿ ಹಾಕೋದಾ ಅಮ್ಮಾ?”

“ತಿದ್ದೋಕೆ ನನಗೆಲ್ಲಿ ಬರುತ್ತೆ? ಬೆಳಿಗ್ಗೆ ಫೋಟೋ ತೆಗೆದೆ, ಮಧ್ಯಾಹ್ನ ಪಾರ್ಸೆಲ್ ಕಟ್ಟಿದೆ. ಬೇಕಾದ್ರೆ ನೀವೇ ಒಂದು ತೆಗೆದು ನೋಡಿ.”

ಜೋರು ದನಿ ಕೇಳಿ ಒಳಗಿನಿಂದ ಬಂದಿದ್ದ ಹೆಂಡತಿ ತನ್ನ ಫೋನಿನಲ್ಲಿ ಕ್ಲಿಕ್ ಮಾಡಿದಳು. ಇಬ್ಬರೂ ಬಗ್ಗಿ ನೋಡಿದರು. ಫೋಟೋದಲ್ಲಿ ರಾಜನ ಕೆನ್ನೆ ಉಬ್ಬಿಕೊಂಡಿತ್ತು. ಅಂಗೈ ಮೇಲಿನ ನಾಣ್ಯದಲ್ಲಿ ಗುಳಿ ಬಿದ್ದಿತ್ತು. ಓರೆಯಾಗಿ ತೆಗೆದಳು, ಕಿಟಕಿಯ ಹತ್ತಿರ ಒಯ್ದು ತೆಗೆದಳು. ನಾಲ್ಕನೆಯದರಲ್ಲಿ ರಾಜ ಸ್ವಲ್ಪ ನಗುತ್ತಲೂ ಇದ್ದ.

“ಇದರಲ್ಲೇನ್ರೀ ವಿಶೇಷ,” ಅಂದಳು ಹೆಂಡತಿ. “ನಿಮ್ಮ ಗಿರಾಕಿಗಳೆಲ್ಲ ಇದನ್ನೇ ಅಲ್ವಾ ಮಾಡೋದು. ದಿನವಿಡೀ ಬೊಚ್ಚುಬಾಯಿ. ಯಾರಾದ್ರೂ ಫೋಟೋ ಅಂದ್ರೆ, ಇರು ಬಂದೆ ಅಂತ ಒಳಗೆ ಹೋಗಿ ಸೆಟ್ ಹಾಕ್ಕೊಂಡು ಬರ್ತಾರೆ. ರಾಜನಿಗೆ ಮಾತ್ರ ಮಾನ ಇರಲ್ವಾ?”

ಫೋನಿನ ಆ ಕಡೆಗೂ ಇದು ಕೇಳಿಸಿತು.

“ನಿಮ್ಮ ಮನೆಯವರು ಚುರುಕು ಸಾರ್. ನಮ್ಮೆಜಮಾನ್ರಿಗೆ ಇದು ಹೊಳೆಯೋಕೆ ಹನ್ನೊಂದು ವರ್ಷ ಬೇಕಾಯ್ತು.”

“ಸರಿ, ಫೋಟೋ ಆದ್ಮೇಲೆ ಆ ಸೆಟ್ ಎಲ್ಲಿಡ್ತಾನೆ?” ಹಲ್ಲಪ್ಪ ಕೇಳಿದ. ಕಸುಬಿನವನ ಬಾಯಿಂದ ತಾನಾಗಿ ಬಂದ ಪ್ರಶ್ನೆ.

“ಅದೊಂದು ಬೇಡ ಸಾರ್. ಹುಡುಕೋಕೆ ಹೋಗ್ಬೇಡಿ. ನಮ್ಮೆಜಮಾನ್ರು ಹುಡುಕಿದ್ರು.”

“ಹುಡುಕಿದ್ರೆ ಏನಾಯ್ತು?”

“ಸಿಕ್ತು.”

ಅಷ್ಟಕ್ಕೆ ಸುಮ್ಮನಾಗಬಹುದಿತ್ತು. ಆದರೆ ನಾಣ್ಯ ಕೂಡಿಡುವವರ ನಡುವೆ ಹಲ್ಲಪ್ಪನ ಫೀಡ್‌ಬ್ಯಾಕಿಗೆ ಒಂದು ತೂಕವಿತ್ತು. “ನೋಡಿ ಅಮ್ಮಾ, ಇದು ಬೆಳಕಿನ ಆಟಾನೂ ಇರಬಹುದು. ಕಣ್ಣಾರೆ ನೋಡದೆ ನಾನು ಸ್ಟಾರ್ ಕೊಡೋನಲ್ಲ. ಸೆಟ್ ಸಿಗ್ಲಿ, ಐದಕ್ಕೈದು ಬರೀತೀನಿ,” ಅಂದು ಫೋನಿಟ್ಟ.

ಕೆಲಸದ ಮೇಜಿನ ಮೇಲಿದ್ದ ಮೇಣದ ಹಾಳೆಗಳನ್ನು ಒಂದೊಂದಾಗಿ ಎತ್ತಿ ನೋಡಿದ. ಅಚ್ಚುಗಳನ್ನು ಬೋರಲು ಹಾಕಿ ತಟ್ಟಿದ. ಪಾರ್ಸೆಲಿನ ಹತ್ತಿಯನ್ನು ಎಳೆ ಎಳೆಯಾಗಿ ಬಿಡಿಸಿದ. “ಒಂದು ಸ್ಟಾರಿಗೆ ಇಷ್ಟು ಒದ್ದಾಡೋರನ್ನ ನಾನು ಎಲ್ಲೂ ನೋಡಿಲ್ಲ,” ಎಂದು ಗೊಣಗುತ್ತ ಹೆಂಡತಿ ಒಳಗೆ ಹೋದಳು. ಐದಕ್ಕೆ ಹತ್ತು ನಿಮಿಷವಿತ್ತು. ಪ್ಲಾಸ್ಟರ್ ಪುಡಿಗೆ ಗಂಟಲು ಒಣಗಿ, ಮೇಜಿನ ತುದಿಯಲ್ಲಿದ್ದ ಗಾಜಿನ ಲೋಟ ಎತ್ತಿ ಗಟಗಟ ಕುಡಿದ. ಅರ್ಧ ಕುಡಿದು ಕೆಳಗಿಟ್ಟ. ಬಿಸಿಲು ಲೋಟದೊಳಕ್ಕೆ ಇಳಿಯಿತು. ತಳದಲ್ಲಿ ಏನೋ ಮಿಣುಕಿತು.

ಭೂತಗನ್ನಡಿ ಹಿಡಿದು ನೋಡಿದರೆ, ಎಳ್ಳುಕಾಳಿನಷ್ಟು ದೊಡ್ಡ ಹಲ್ಲಿನ ಸೆಟ್ಟು. ಗುಲಾಬಿ ವಸಡು, ಹದಿನಾಲ್ಕು ಹಲ್ಲು, ಒಂದಕ್ಕೊಂದು ಹೊಂದಿಕೊಂಡು ಕೂತಿದ್ದವು. ತನ್ನ ಕೈಯಲ್ಲಾಗದ ಕೆಲಸ ಎಂದು ಒಪ್ಪಿಕೊಂಡ. ರಾತ್ರಿ ಸೆಟ್ಟನ್ನು ನೀರಿನಲ್ಲಿ ಹಾಕಿಡಿ ಅಂತ ಸಾವಿರ ಜನಕ್ಕೆ ಹೇಳಿದವನಿಗೆ, ಮೊದಲು ಅಲ್ಲೇ ನೋಡಬೇಕು ಅಂತ ಹೊಳೆದಿರಲಿಲ್ಲ.

ಕೊಟ್ಟ ಮಾತು ತಪ್ಪಲಿಲ್ಲ. ಐದು ಸ್ಟಾರ್ ಒತ್ತಿ ಬರೆದ: ‘ಫೋಟೋಗೂ ನಾಣ್ಯಕ್ಕೂ ವ್ಯತ್ಯಾಸ ಇದೆ. ಅದರಲ್ಲಿ ಮಾರಿದವರ ತಪ್ಪು ಏನೂ ಇಲ್ಲ.’

ಕೂಡಲೇ ಫೋನು ಬಂತು. “ಅಂಗಡಿ ಉಳೀತು ಸಾರ್. ನಿಮಗೆ ಪುಣ್ಯ ಬರಲಿ.” ಆಮೇಲೆ ದನಿ ಇಳಿಯಿತು. “ಅಂದ್ರೆ ಸಿಕ್ತು ಅನ್ನಿ.”

“ಸಿಕ್ತಮ್ಮಾ, ನೀರಿನ ಲೋಟದಲ್ಲಿ. ಮೇಲಿನ ಸೆಟ್ಟು. ಎಂಥಾ ಕೆಲಸ ಅಂತೀರಿ.”

“ಕೆಳಗಿನದು?”

ಹಲ್ಲಪ್ಪ ಅರ್ಧ ಖಾಲಿಯಾದ ಲೋಟವನ್ನು ನೋಡಿದ.

“ನಮ್ಮೆಜಮಾನ್ರಿಗೂ ಮೇಲಿನದೇ ಸಿಕ್ಕಿದ್ದು ಸಾರ್,” ಅಂದಿತು ಫೋನು.

ಅವನ ಹೊಟ್ಟೆಯ ಯಾವುದೋ ಒಂದು ಮೂಲೆಯಲ್ಲಿ, ರುಚಿ ನೋಡುವವರ ಹಾಗೆ, ಸಣ್ಣಗೆ ಒಮ್ಮೆ ಕಚ್ಚಿತು.