ಇವತ್ತು ನಡ್ಕೊಂಡೇ ಹೋಗುದು

ಕಾವಲಿಯ ಮೇಲೆ ನೀರುದೋಸೆಯ ಅಂಚು ಆಗಷ್ಟೇ ಏಳುತ್ತಿತ್ತು. ತೃಷಾ ಬಂದವಳೇ ಗ್ಯಾಸ್ ಆರಿಸಿಬಿಟ್ಟಳು.

"ಅಮ್ಮಾ, ಅದು ಸುಳ್ಳು. ಇವತ್ತು ಸ್ಕೂಟರ್ ಬೇಡ. ನಡ್ಕೊಂಡೇ ಹೋಗುದು."

ಸುಪ್ರಿತಾಳ ಕೈಯಲ್ಲಿ ಸೌಟು ಹಾಗೆಯೇ ನಿಂತಿತು. ಅಂದು ಶನಿವಾರ. ಶಾಲೆಯಲ್ಲಿ ಇಂಗ್ಲಿಷ್ ಮಾತಿನ ಪರೀಕ್ಷೆ. ವಿಷಯ, ನಡಿಗೆಯ ಅಭ್ಯಾಸ. ಪ್ರಶ್ನೆ ಮೊದಲೇ ಗೊತ್ತಿತ್ತು: ಡು ಯು ವಾಕ್ ಎವ್ರಿ ಡೇ? ಉತ್ತರವೂ ತಯಾರಿತ್ತು: ಯೆಸ್, ಐ ವಾಕ್ ಎವ್ರಿ ಡೇ. ವಾರವಿಡೀ ಅಡುಗೆಮನೆಯಲ್ಲಿ ಇದೇ ಪಾಠ. ಕಾಯಿ ತುರಿಯುವಾಗ, ಬಟ್ಟೆ ಮಡಚುವಾಗ, ಒಬ್ಬಳು ಕೇಳುವುದು, ಇನ್ನೊಬ್ಬಳು ಹೇಳುವುದು.

"ಪರೀಕ್ಷೆಯಲ್ಲಿ ಹೇಳಿದ್ದು ಸುಳ್ಳಾಗುದಿಲ್ಲ ಮಗಾ. ಅದು ಉತ್ತರ."

"ಉತ್ತರ ನಿಜ ಇರ್ಬೇಕು ಅಂತ ಭಾವನಾ ಟೀಚರ್ ಹೇಳಿದ್ದಾರೆ. ನಾವು ಹಾಲಿನ ಡಿಪೋಗೆ ಹೋಗುದು ಕೂಡ ಸ್ಕೂಟರಲ್ಲಿ."

ಸುಪ್ರಿತಾ ಸ್ಕೂಟರಿನ ಕೀಯನ್ನು ಮೊಳೆಗೆ ತೂಗುಹಾಕಿದಳು. ಮನೆಯಲ್ಲಿ ಇಷ್ಟು ಮಾತಾಡುವ ಹುಡುಗಿ, ಜೂನ್ ತಿಂಗಳಲ್ಲಿ ಹೊಸ ಶಾಲೆಗೆ ಸೇರಿದಾಗಿನಿಂದ ಅಲ್ಲಿ ಒಂದಕ್ಷರ ಆಡಿಲ್ಲ. ಬಾಯಿ ತೆರೆಯುವುದು ಬುತ್ತಿ ಉಣ್ಣಲು ಮಾತ್ರ. "ಮನೆಯಲ್ಲಿ ಮಾತಾಡ್ತಾಳೆ ಅಂತ ನೀವು ಹೇಳುದು. ಅವಳ ಸ್ವರ ಹೇಗುಂಟು ಅಂತ ನಮಗೆ ಯಾರಿಗೂ ಗೊತ್ತಿಲ್ಲ" ಎಂದಿದ್ದರು ಭಾವನಾ ಟೀಚರ್. "ಶನಿವಾರ ಇಬ್ಬರೂ ಬನ್ನಿ. ನೋಡುವ."

ಆ ಸ್ವರ ಆ ಗೋಡೆಗಳಿಗೆ ಒಮ್ಮೆ ಕೇಳಿದರೆ ಸಾಕಿತ್ತು. ಅದಕ್ಕಾಗಿ ನಡೆಯುವುದೇನು, ತೆವಳಿಕೊಂಡು ಹೋಗಲೂ ಸುಪ್ರಿತಾ ತಯಾರು.

ತೃಷಾ ಬೆಲ್ಲ ಸೇರಿಸಿದ ಕಾಯಿತುರಿ ಹಾಕಿಕೊಂಡು ಹೊಟ್ಟೆ ತುಂಬ ದೋಸೆ ತಿಂದಳು. ಸುಪ್ರಿತಾಳಿಗೆ ಒಂದು ತುಂಡೂ ಇಳಿಯಲಿಲ್ಲ.

ಕುಂಬ್ರದಲ್ಲಿ ಶಾಲೆಗೆ ಹೋಗುವ ರಸ್ತೆಯಲ್ಲಿ ನಡೆಯುವುದು ಸುಲಭವಲ್ಲ. ದಾರಿ ಚೆನ್ನಾಗಿಯೇ ಇದೆ. ಆದರೆ ಪರಿಚಯದವರು ನಡೆಯುವುದನ್ನು ನೋಡಿಕೊಂಡು ಗಾಡಿ ನಿಲ್ಲಿಸದೆ ಹೋಗುವ ಜನ ಅಲ್ಲಿಲ್ಲ.

ಮೊದಲು ನಿಂತದ್ದು ರವೂಫನ ರಿಕ್ಷಾ.

"ಎಂತ ಅಕ್ಕಾ, ಸ್ಕೂಟರ್ ಕೈ ಕೊಟ್ಟಿತಾ? ಹತ್ತಿ."

"ಇಲ್ಲ ರವೂಫ್, ಸುಮ್ಮನೆ ನಡೆಯುದು."

"ಸುಮ್ಮನೆಯಾ? ಸುಮ್ಮನೆ ಯಾರಾದ್ರೂ ನಡೀತಾರಾ ಅಕ್ಕಾ?"

ಅವನು ಅವಳ ಮುಖ ನೋಡಿದ, ಚಪ್ಪಲಿ ನೋಡಿದ, ಚಿಂತೆಯಲ್ಲೇ ಮುಂದೆ ಹೋದ. ಅವನ ಚಿಂತೆ ರಿಕ್ಷಾಕ್ಕಿಂತ ವೇಗವಾಗಿ ಹೋಯಿತು.

ತಿರುವಿನಲ್ಲಿ ಆಸ್ಯಮ್ಮ ಮಜ್ಜಿಗೆಯ ಚೆಂಬು ಹಿಡಿದು ಗೇಟಿನಲ್ಲೇ ಕಾಯುತ್ತಿದ್ದರು.

"ಸ್ಕೂಟರ್ ಮಾರಿದ್ದಂತೆ, ಹೌದಾ ಮಗಾ? ನನ್ನ ಹತ್ರ ಒಂದು ಮಾತು ಹೇಳ್ಬಾರ್ದಿತ್ತಾ?"

"ಮಾರಲಿಲ್ಲ ಆಸ್ಯಮ್ಮ. ಮನೆಯಲ್ಲೇ ಉಂಟು."

"ಹಾಗಾದ್ರೆ ಗಂಡ ಕೀ ಕೊಡ್ಲಿಲ್ವಾ?"

ತೃಷಾ ಅಮ್ಮನ ಕೈ ಎಳೆದಳು. ಅದಾಗಿ ಸ್ವಲ್ಪ ಹೊತ್ತಿಗೆ ಒಂದು ಜೀಪು ನಿಂತು, "ತವರುಮನೆಗಲ್ವಾ ಅಕ್ಕ? ಬಸ್‌ಸ್ಟಾಂಡಿಗೆ ಬಿಡ್ತೇನೆ, ಅಳ್ಬೇಡಿ" ಎಂದಿತು. ಸುಪ್ರಿತಾ ಅಳುತ್ತಿರಲಿಲ್ಲ. ನಗು ತಡೆಯಲಾಗದೆ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ನೋಡಿದವರಿಗೆ ಅದು ಬೇರೆಯೇ ಕಂಡಿತು.

ಪೇಟೆಯ ಕಡೆಯಿಂದ ಗಂಡ ಯತಿನ್ ಬೈಕಿನಲ್ಲಿ ಬಂದ. ಅಂಗಡಿಗೆ ಬಾಗಿಲನ್ನೂ ಹಾಕಿರಲಿಲ್ಲ.

"ನೀನು ನನ್ನನ್ನು ಬಿಟ್ಟು ಹೊರಟದ್ದಂತೆ! ನಾನು ಎಂತ ಮಾಡಿದೆ ಮಾರಾಯ್ತಿ?"

"ಎಂತಾದ್ರೂ ಮಾಡಿದ್ರೆ ಈಗಲೇ ಹೇಳಿಬಿಡಿ, ಒಳ್ಳೆ ಸಮಯ."

"ಬಿಸಿಲುಂಟು, ಹತ್ತು."

"ಅಪ್ಪಾ, ಹತ್ತಿಸ್ಬೇಡ!" ತೃಷಾ ಅಡ್ಡ ನಿಂತಳು. "ಹತ್ತಿದ್ರೆ ಪರೀಕ್ಷೆ ಹಾಳಾಗ್ತದೆ."

ಯತಿನ್‌ಗೆ ಅರ್ಥವಾಗಲಿಲ್ಲ. ಆದರೂ ಇಳಿದು ಬೈಕ್ ತಳ್ಳಿಕೊಂಡು ಜೊತೆಗೆ ನಡೆದ. ಹಿಂದಿನಿಂದ ರವೂಫನ ರಿಕ್ಷಾ ತೆವಳುತ್ತ ಬಂತು, ಯಾರಾದರೂ ಸುಸ್ತಾದರೆ ಇರಲಿ ಎಂದು. ಅದರೊಳಗೆ ಆಸ್ಯಮ್ಮ, ಅವರ ಮಡಿಲಲ್ಲಿ ಮಜ್ಜಿಗೆ. ಅದರ ಹಿಂದೆ ಜೀಪು. ಹೋಗುವ ಬಸ್ಸೊಂದು ನಿಧಾನಿಸಿ, ದಿಬ್ಬಣವೆಂದುಕೊಂಡು ದಾರಿ ಬಿಟ್ಟಿತು. ಸುಪ್ರಿತಾ ನಕ್ಕೂ ನಕ್ಕೂ ಬಿಕ್ಕಳಿಸಿದಳು.

ಶಾಲೆಯ ಗೇಟು ಕಂಡಿತು. ನಗು ನಿಂತಿತು.

"ಹೆದರಿಕೆ ಉಂಟಾ?" ಒಬ್ಬಳು ಮೆಲ್ಲಗೆ ಕೇಳಿದಳು.

"ಸ್ವಲ್ಪ" ಎಂದಳು ಇನ್ನೊಬ್ಬಳು.

ಬೆವರಿದ ಕೈಯನ್ನು ಬೆವರದ ಕೈ ಬಿಗಿಯಾಗಿ ಹಿಡಿದುಕೊಂಡಿತು. ಗೇಟು ದಾಟಿದ್ದೇ ತಡ, ಪ್ರತಿದಿನದ ಹಾಗೆ, ತೃಷಾಳ ತುಟಿಗೆ ಚಿಲಕ ಬಿತ್ತು.

ತರಗತಿಯಿಂದ ಹೊರಬರುತ್ತಿದ್ದ ಮಕ್ಕಳು ಜಿಗಿಯುತ್ತಿದ್ದರು. ಅವರ ಅಮ್ಮಂದಿರು ಮುಖ ಒರೆಸಿಕೊಳ್ಳುತ್ತಿದ್ದರು. ಭಾವನಾ ಟೀಚರ್ ಬಾಗಿಲಲ್ಲಿ ನಿಂತು, "ತೃಷಾ, ಬನ್ನಿ" ಎಂದರು. ತಾಯಿ ಮಗಳು ಒಳಗೆ ಹೋಗಿ ಕುಳಿತರು.

ಕಿಟಕಿಯ ಸರಳುಗಳ ಹಿಂದೆ ಯತಿನ್, ರವೂಫ್, ಆಸ್ಯಮ್ಮ, ಜೀಪಿನವನು. ಫ್ಯಾನಿನ ಸದ್ದೊಂದೇ. ಟೀಚರ್ ಅವಸರ ಮಾಡಲಿಲ್ಲ. ತೃಷಾಳ ತುಟಿ ಅಲುಗಿತು, ಮತ್ತೆ ಮುಚ್ಚಿತು. ಯತಿನ್ ಕಣ್ಣು ಮುಚ್ಚಿಕೊಂಡ. ಸುಪ್ರಿತಾ ಮಗಳನ್ನೇ ನೋಡಿದಳು. ಯೆಸ್, ಐ ವಾಕ್ ಎವ್ರಿ ಡೇ. ಅದು ಈಗಲೂ ಸುಳ್ಳೇ. ಒಂದು ದಿನ ನಡೆದರೆ ಅದು ಎವ್ರಿ ಡೇ ಆಗುವುದಿಲ್ಲ. ಅದು ತೃಷಾಳಿಗೂ ಗೊತ್ತಿತ್ತು.

ಅಮ್ಮಂದಿರನ್ನು ಪರೀಕ್ಷಿಸಲು ಭಾವನಾ ಟೀಚರ್ ಅಂದು ಮಕ್ಕಳಿಗೆ ಬಿಟ್ಟುಕೊಟ್ಟಿದ್ದ ದೊಡ್ಡ ಕುರ್ಚಿಯಲ್ಲಿ ತೃಷಾ ನೆಟ್ಟಗೆ ಕುಳಿತಳು, ಎದುರಿನ ಪುಟ್ಟ ಬೆಂಚಿನಲ್ಲಿ ಬೆವರುತ್ತಿದ್ದ ಅಮ್ಮನನ್ನು ನೋಡಿ, ವಾರವಿಡೀ ಕಲಿತ ಪ್ರಶ್ನೆಯನ್ನು ಪಕ್ಕಕ್ಕಿಟ್ಟು, ಕಿಟಕಿಯ ಆಚೆಗೂ ಕೇಳುವ ಸ್ವರದಲ್ಲಿ ಕೇಳಿದಳು: "ಅಮ್ಮಾ, ಡಿಡ್ ಯು ವಾಕ್ ಟುಡೇ?"