ತಟ್ಟೆ ಇಡ್ಲಿಯ ಪೊಟ್ಟಣ

ಪೊಟ್ಟಣವನ್ನು ಬುಟ್ಟಿಗೆ ಹಾಕಲು ಅನಂತರಾಜು ಸುತರಾಂ ಒಪ್ಪಲಿಲ್ಲ. ಹೆಗಲಿಗೆ ಚೀಲ ನೇತುಹಾಕಿ, ಕಾಡಿನ ದಾರಿಯುದ್ದಕ್ಕೂ ಪೊಟ್ಟಣವನ್ನು ಎಡಗೈಯಲ್ಲೇ ಹಿಡಿದು ನಡೆದ. ಬಲಗೈಗೆ ಬ್ಯಾಂಡೇಜು. ಹೋದ ತಿಂಗಳು ಕೆಲಸದಲ್ಲಿ ಮೆಷಿನ್ನಿಗೆ ಸಿಕ್ಕಿ ಎರಡು ಬೆರಳು ಹೋಗಿದ್ದವು.

ಹಿಂದೆ ಬುಟ್ಟಿ ಹೊತ್ತು ಬರುತ್ತಿದ್ದ ತಮ್ಮನ ಹೆಂಡತಿ ಪ್ರತಿಮಾಗೆ ಪೊಟ್ಟಣದಲ್ಲಿ ಏನಿದೆಯೆಂದು ವಾಸನೆಯಿಂದಲೇ ಗೊತ್ತಾಗಿತ್ತು. ಬಿಡದಿಯ ತಟ್ಟೆ ಇಡ್ಲಿ, ಮೇಲೆ ಬೆಣ್ಣೆ. ಭಾವನಿಗೆ ಬೆಣ್ಣೆ ಕಂಡರೆ ಆಗದು. ಅಂಗೈಯಗಲ ಬೆಣ್ಣೆ ಇಲ್ಲದಿದ್ದರೆ ಇಡ್ಲಿ ಮುಟ್ಟದಿದ್ದವನು ಅವಳ ಗಂಡ ಲೋಕೇಶ.

ಲೋಕೇಶ ಕಾಣೆಯಾಗಿ ನಾಲ್ಕು ವರ್ಷ. ಹಾರೋಹಳ್ಳಿ ಫ್ಯಾಕ್ಟರಿಯ ಹುಡುಗಿಯೊಬ್ಬಳ ಜೊತೆ ಬಿಡದಿಯಲ್ಲಿ ರೈಲು ಹತ್ತಿದ್ದನ್ನು ಕಣ್ಣಾರೆ ಕಂಡೆ ಎಂದವನು ಅನಂತರಾಜು. ಹೆಂಡತಿಯ ಬಾಯಿ ತಾಳಲಾರದೆ ಓಡಿಹೋದ ಎಂದು ಊರೆಲ್ಲ ಸಾರಿದವನೂ ಅವನೇ. ತಮ್ಮನ ಪಾಲಿನ ಹೊಲವನ್ನೂ ಅವನೇ ಉಳುತ್ತಿದ್ದ. ಪ್ರತಿಮಾ ಫ್ಯಾಕ್ಟರಿ ಕೆಲಸಕ್ಕೆ ಹೋಗುತ್ತೇನೆಂದರೆ ಬೇಡ, ತವರಿಗೆ ಹೋಗುತ್ತೇನೆಂದರೂ ಬೇಡ. ಗಂಡ ಬರುವತನಕ ಬಿದ್ದಿರು ಎಂಬುದೊಂದೇ ಉತ್ತರ. ಅವಳಿಗೆ ಆ ಮನೆ ಸಾಕುಸಾಕಾಗಿತ್ತು.

ನಿನ್ನೆ ಭಾವನ ಚೀಲದಲ್ಲಿ ಹೊಸ ಅಂಗಿ ಸಿಕ್ಕಿತ್ತು. ತುಂಬುತೋಳಿನದು, ಗೆರೆಗೆರೆಯದು. ಭಾವನ ದಪ್ಪ ಮೈಗೆ ಅದರ ಗುಂಡಿ ಕೂಡುವುದೇ ಇಲ್ಲ. ಲೋಕೇಶನ ಅಳತೆ.

ಅಲ್ಲಿಗೆ ಅನುಮಾನ ಗಟ್ಟಿಯಾಯಿತು. ರೈಲೂ ಸುಳ್ಳು, ಹುಡುಗಿಯೂ ಸುಳ್ಳು. ಅಣ್ಣ ತಮ್ಮ ಸೇರಿ ತನ್ನ ಕಣ್ಣಿಗೆ ಮಣ್ಣೆರಚುತ್ತಿದ್ದಾರೆ. ಲೋಕೇಶ ಇಲ್ಲೇ, ಈ ಕಾಡಿನಲ್ಲೇ ಎಲ್ಲೋ ಅಡಗಿದ್ದಾನೆ.

ಮಾವ ಕೆಂಚಯ್ಯ ಬಿಳಿಕಲ್ಲಿನ ಹಳೇ ಗಣಿ ಕುಸಿದಾಗ ಒಳಗೇ ಉಳಿದುಹೋದವರು. ಹಾಗಾಗಿ ಪಿತೃಪಕ್ಷದಲ್ಲಿ ಅವರಿಗೆ ಗಣಿಯ ಬಾಯಲ್ಲೇ ಎಡೆ. ನಾಲ್ಕು ವರ್ಷದಿಂದ ಭಾವ ಒಬ್ಬನೇ ಹೋಗಿ ಬರುತ್ತಿದ್ದ, ಯಾರನ್ನೂ ಜೊತೆಗೆ ಕರೆಯುತ್ತಿರಲಿಲ್ಲ. ಈ ಸಲ ಒಂದು ಕೈಯಲ್ಲಿ ಆಗದೆಂದು ಅತ್ತೆ ಚಿಕ್ಕಲಕ್ಷ್ಮಮ್ಮ ಹಟ ಹಿಡಿದು ಸೊಸೆಯ ತಲೆಗೆ ಬುಟ್ಟಿ ಏರಿಸಿದ್ದರು. ಅನಂತರಾಜು ಕೂಗಾಡಿದ್ದು ಬೀದಿಗೆಲ್ಲ ಕೇಳಿಸಿತ್ತು.

ಮುತ್ತಜ್ಜನ ಕಾಲದ ಮತ್ತಿ ಮರಗಳ ನಡುವೆ ಬಿಸಿಲೇ ಇರಲಿಲ್ಲ. ದೂರದಲ್ಲಿ ಎಲ್ಲೋ ಕಲ್ಲು ಸಿಡಿಸಿದ ಸದ್ದು.

"ಭಾವ, ಆ ಪೊಟ್ಟಣ ಯಾರ್ಗೆ?"

"ಹಸ್ದವ್ರಿಗೆ. ಬಾಯ್ ಮುಚ್ಕೊಂಡು ನಡಿ."

ಪ್ರತಿಮಾ ಹಲ್ಲು ಕಚ್ಚಿದಳು. ಗಂಡನೊಮ್ಮೆ ಸಿಗಲಿ. ತಾಳಿ ಕಿತ್ತು ಅವನ ಮುಖಕ್ಕೆ ಎಸೆದು, ಸೀದಾ ಹಾರೋಹಳ್ಳಿ ಬಸ್ಸು ಹತ್ತುವವಳೇ.

ಗಣಿಯ ಬಾಯಿಗೆ ಪೊದೆ ಬೆಳೆದಿತ್ತು. ಒಳಗೆ ತಳ ಕಾಣದ ಗುಂಡಿ, ಅದರಿಂದ ತಣ್ಣನೆ ಗಾಳಿ. ಬುಟ್ಟಿ ಇಳಿಸುವುದೇ ತಡ, ಹಳ್ಳದಿಂದ ನೀರು ತರಲು ಭಾವ ಅಟ್ಟಿದ.

"ಒಸಿ ನಿಧಾನ್ವಾಗೇ ಬಾ. ಅವಸ್ರ ಇಲ್ಲ."

ಅವಳು ಇದಕ್ಕೇ ಕಾದಿದ್ದಳು. ಹಳ್ಳವೂ ಬತ್ತಿತ್ತು, ಆ ಕಡೆಯ ಕ್ವಾರಿ ಬಂದಮೇಲೆ ಅದರಲ್ಲಿ ತೊಟ್ಟು ನೀರಿಲ್ಲ. ಖಾಲಿ ಚೊಂಬು ಹಿಡಿದು, ಸದ್ದಾಗದಂತೆ ಹಿಂದಿರುಗಿ, ಮರವೊಂದರ ಮರೆಯಲ್ಲಿ ನಿಂತಳು.

ಭಾವ ಅವಳಿಗೆ ಬೆನ್ನು ಮಾಡಿ ಕುಕ್ಕರಗಾಲಲ್ಲಿ ಕೂತಿದ್ದ. ಪೊಟ್ಟಣದ ದಾರವನ್ನು ಹಲ್ಲಿನಿಂದ ಬಿಚ್ಚುತ್ತಿದ್ದ. ಆಮೇಲೆ ಗಣಿಯ ಕಡೆ ಮುಖ ಮಾಡಿ ಮೆಲ್ಲಗೆ ಕರೆದ.

"ಬಾರ್ಲಾ ಲೋಕಿ. ನಿಂಗಿಷ್ಟ ಅಂತ ಬೆಣ್ಣೆ ಹಾಕ್ಸಿ ತಂದಿವ್ನಿ. ತಿನ್ಕೊಂಡೋಗು. ನನ್ ಕೈ ಹೋಗಿದ್ದು ಸಾಕು, ಮನೆ ಕಡೆ ಮಾತ್ರ ಬರ್ಬೇಡ ಕಣ್ಲಾ."

ಸಿಕ್ಕಿಬಿದ್ದ. ಪ್ರತಿಮಾಳ ಮೈಯೆಲ್ಲ ಉರಿಯಿತು. ಚೊಂಬು ಎಸೆದು, ತಾಳಿಗೆ ಕೈ ಹಾಕಿ, ಒಂದೇ ಉಸಿರಿಗೆ ಮುಂದೆ ನುಗ್ಗಿದಳು.

ಅಲ್ಲಿ ಯಾರೂ ಇರಲಿಲ್ಲ.

ಮಾವನ ಎಲೆ ಆಚೆ ಪಕ್ಕದಲ್ಲಿತ್ತು, ಮುದ್ದೆ ಮತ್ತು ಬೀಡಿಕಟ್ಟಿನೊಂದಿಗೆ. ಗುಂಡಿಯ ಅಂಚಿಗೇ ಇನ್ನೊಂದು ಎಲೆ ಹಾಸಿತ್ತು. ಅದರ ಮೇಲೆ ತಟ್ಟೆ ಇಡ್ಲಿ. ಪಕ್ಕದಲ್ಲಿ ಮಡಿಸಿಟ್ಟ ಗೆರೆಯಂಗಿ, ಅದಕ್ಕೆ ಅರಿಶಿನ ಕುಂಕುಮ. ಮುಂದೆ ಕರ್ಪೂರ ಉರಿಯುತ್ತಿತ್ತು. ಅನಂತರಾಜು ತಿರುಗಿ ಅವಳನ್ನು ನೋಡಿದ, ನಿಧಾನವಾಗಿ ಎದ್ದು ನಿಂತ.

ಬದುಕಿರುವ ತಮ್ಮನಿಗೆ ಯಾವ ಅಣ್ಣನೂ ಎಡೆ ಇಡುವುದಿಲ್ಲ.