ಟ್ರಿಮ್ ಚಕ್ರಕ್ಕೊಂದು ಮೋಟರ್

ಶಿವಯೋಗಿಯ ಕೈ ಮತ್ತೆ ಚಕ್ರದತ್ತ ಹೋಯಿತು.

ಸರ್ಫರಾಜ ಕಂಡೂ ಕಾಣದವನಂತೆ ಮುಂದೆ ನೋಡುತ್ತ ಕುಳಿತ. ಕೆಳಗೆ ಹಗರಿಬೊಮ್ಮನಹಳ್ಳಿ ಕಡೆಯ ಕೆಂಪು ಹೊಲಗಳು ಹಿಂದೆ ಸರಿಯುತ್ತಿದ್ದವು. ವಿಮಾನ ತುಸುವೂ ಅಲುಗದೆ ಹೋಗುತ್ತಿತ್ತು. ಆದರೂ ಶಿವಯೋಗಿ ಸೀಟುಗಳ ನಡುವಿನ ಆ ಪುಟ್ಟ ಚಕ್ರವನ್ನು ಅವಸರವಸರವಾಗಿ ತಿರುಗಿಸಿ ಹಣೆಯ ಬೆವರು ಒರೆಸಿಕೊಂಡ.

ಕಾರಣವೇ ಇಲ್ಲದೆ.

ಈ ಎರಡು ಸೀಟಿನ ವಿಮಾನವನ್ನು ಇಬ್ಬರೂ ಸೇರಿ, ಬಿಡಿಭಾಗ ತರಿಸಿ, ಕೊಟ್ಟೂರಿನಲ್ಲಿ ಸರ್ಫರಾಜನ ವರ್ಕ್‌ಶಾಪಿನಲ್ಲೇ ಕಟ್ಟಿದ್ದರು. ಹರೆಯದಿಂದಲೂ ಅಲ್ಲಿ ತಗಡು ಬಡಿದು ಟ್ರೇಲರ್ ಕಟ್ಟಿದವನು ಸರ್ಫರಾಜ. ಶಿವಯೋಗಿ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಇಬ್ಬರೂ ಹಾರಿಸುವುದನ್ನು ಕಲಿತಿದ್ದರು. ಇಟ್ಟಿಗಿ ದಾರಿಯ ಬಂಜರು ನೆಲದಲ್ಲಿ ಓಡುದಾರಿಯನ್ನೂ ಮಾಡಿಕೊಂಡಿದ್ದರು. ಜಗಳವೆಂಬುದು ಇರಲಿಲ್ಲ, ಈ ಮೋಟರಿನ ಮಾತು ಬರುವ ತನಕ.

ವಿಮಾನದ ವೇಗ ಬದಲಾದರೆ ಮೂತಿ ಭಾರವಾಗುತ್ತದೆ, ಇಲ್ಲವೇ ಹಗುರಾಗುತ್ತದೆ. ಅದನ್ನು ಸರಿದೂಗಿಸುವುದು ಟ್ರಿಮ್ ಚಕ್ರದ ಕೆಲಸ. ಅವರ ಆಟೋಪೈಲಟ್ ಪೆಟ್ಟಿಗೆ ಎತ್ತರವನ್ನು ಬಲವಂತವಾಗಿ ಹಿಡಿದು ನಿಲ್ಲಿಸಬಲ್ಲದು, ಚಕ್ರ ತಿರುಗಿಸಲಾರದು. ಬಲ ಸಾಲದಾದಾಗ ಸಣ್ಣಗೆ ಕೀಂಗುಟ್ಟಿ ಮನುಷ್ಯನನ್ನು ಕರೆಯುತ್ತದೆ. ಆಗ ಚಕ್ರ ತಿರುಗಿಸದೆ ಪೆಟ್ಟಿಗೆಯನ್ನು ಬಂದ್ ಮಾಡಿದರೆ, ಹಿಡಿದಿದ್ದ ಭಾರವೆಲ್ಲ ಒಮ್ಮೆಗೇ ಬಿಟ್ಟು ಮೂತಿ ಧಡಕ್ಕನೆ ಕೆಳಗೆ ಕುಸಿಯುತ್ತದೆ.

ಹೋದ ತಿಂಗಳು ಹಡಗಲಿಯ ಮೇಲೆ ಹಾಗೇ ಆಗಿತ್ತು. ಸರ್ಫರಾಜ ಪೆಟ್ಟಿಗೆ ಬಂದ್ ಮಾಡಿದ್ದೇ ತಡ, ನೆಲ ಕಿಟಕಿಗೇ ಎದ್ದು ಬಂದಿತ್ತು. ಎರಡೂ ಕೈಯಿಂದ ಎಳೆದು ಮೇಲೆತ್ತುವಷ್ಟರಲ್ಲಿ ಜೀವ ಬಾಯಿಗೆ ಬಂದಿತ್ತು. ಪೆಟ್ಟಿಗೆ ಕರೆಯಲೇ ಇಲ್ಲ, ಶಿವಯೋಗಿಯೇ ಚಕ್ರವನ್ನು ಎಲ್ಲೋ ತಪ್ಪು ತಿರುಗಿಸಿರಬೇಕು ಎಂದು ಸರ್ಫರಾಜ ಅಂದುಕೊಂಡ. ಬಾಯಿಬಿಟ್ಟು ಹೇಳಲಿಲ್ಲ.

ಮರುದಿನವೇ ಶಿವಯೋಗಿ ಪಟ್ಟು ಹಿಡಿದ.

"ಚಕ್ರಕ್ಕೊಂದು ಮೋಟರ್ ಕೂಡ್ಸೋಣ. ಪೆಟಗೀನ ತಾನಾಗಿ ತಿರುಗಿಸಿಕೊಂತೈತಿ."

"ಮೋಟರ್ ಕೆಟ್ಟು ಸುಮ್ಮ ಸುಮ್ಮನ ತಿರುಗಾಕ ಹತ್ತಿದ್ರ? ನೆಲಕ್ಕ ಹೋಗಿ ಬೀಳ್ತೀವಿ."

"ಅದಕ್ಕ ಬ್ಯಾರೆ ಸ್ವಿಚ್ ಐತಿ, ಬಂದ್ ಮಾಡಬೌದು. ಮನುಷಾಗ ಎಲ್ಲಿ ಸ್ವಿಚ್ ಐತಿ? ಮೊದಲಿನಂಗ ಇರಂಗಿಲ್ಲಲೇ ನಾವು."

ಕೊನೆಯ ಮಾತು ಹೇಳುವಾಗ ಅವನು ಮುಖ ತಿರುಗಿಸಿಕೊಂಡಿದ್ದ. ಎರಡು ಸಲ ಕೇಳಿದ ಮೇಲೆಯೇ ಸರ್ಫರಾಜನಿಗೆ ಅದು ತಿಳಿದದ್ದು. ಗೆಳೆಯ ಏನನ್ನೋ ಮುಚ್ಚಿಡುತ್ತಿದ್ದಾನೆ ಎಂಬ ಅನುಮಾನ ಅಂದೇ ಮೊಳೆಯಿತು.

ಆಮೇಲೆ ಎಲ್ಲದರಲ್ಲೂ ಅದೇ ಕಾಣತೊಡಗಿತು. ಸಾವಧಾನವಾಗಿ ಮಾತಾಡುತ್ತಿದ್ದವನು ಈಗೀಗ ಸಣ್ಣದಕ್ಕೂ ಕಿರುಚುತ್ತಿದ್ದ. ಸರ್ಫರಾಜ ಒಬ್ಬನೇ ಹಾರಲು ಹೊರಟರೆ ಏನಾದರೊಂದು ನೆಪ ತೆಗೆದು ಪಕ್ಕದಲ್ಲಿ ಬಂದು ಕೂರುತ್ತಿದ್ದ. ಒಂದು ದಿನ ಸರ್ಫರಾಜ ಮನೆಗೆ ಬಂದಾಗ, ಮಗಳು ಅಫ್ರೀನ್ ಮತ್ತು ಶಿವಯೋಗಿ ಅಂಗಳದಲ್ಲಿ ಮೆಲ್ಲಗೆ ಮಾತಾಡುತ್ತಿದ್ದವರು ಅವನನ್ನು ಕಂಡು ನಿಲ್ಲಿಸಿಬಿಟ್ಟರು. ಅಫ್ರೀನಳ ಕಣ್ಣು ತೇವವಾಗಿದ್ದವು.

"ಏನಾತಬೇ?"

"ಏನಿಲ್ಲಪ್ಪಾ. ಅಂಕಲ್ ಹೇಳಿದಂಗ ಆ ಮೋಟರ್ ಹಾಕ್ಸಿಬಿಡು."

ಹರಪನಹಳ್ಳಿಯ ಗಿರಾಕಿಯೊಬ್ಬ, ದಾವಣಗೆರೆಯ ದೊಡ್ಡ ಆಸ್ಪತ್ರೆಯಲ್ಲಿ ಮೇಷ್ಟ್ರನ್ನು ಕಂಡೆ ಎಂದಾಗ ಸರ್ಫರಾಜನ ಕೈಯಲ್ಲಿದ್ದ ಸ್ಪಾನರ್ ಹಾಗೇ ನಿಂತಿತು. ನರದ ರೋಗವೇ ಇರಬೇಕು. ಕೈ ಮಾತು ಕೇಳುತ್ತಿಲ್ಲ. ಅದಕ್ಕೇ ಆ ಚಡಪಡಿಕೆ, ಅದಕ್ಕೇ ಮೋಟರ್. ಅಂದರೆ, ಆ ಕೈಯಿಟ್ಟುಕೊಂಡೇ ಇವನು ಮುಂದೆಯೂ ಹಾರಬೇಕೆಂದಿದ್ದಾನೆ.

ಶುಕ್ರವಾರ ಅಫ್ರೀನಳನ್ನು ಮೊದಲ ಸಲ ಕೂರಿಸಿಕೊಂಡು ಹೋಗುವುದೆಂದು ಸರ್ಫರಾಜ ಮಾತು ಕೊಟ್ಟಿದ್ದ. ಅದಕ್ಕೂ ಮುಂಚೆ ಇದನ್ನು ಇತ್ಯರ್ಥ ಮಾಡಿಬಿಡಬೇಕು ಅನ್ನಿಸಿತು. ನೆಲದ ಮೇಲೆ ಕೇಳಿದರೆ ಎದ್ದು ಹೋಗುವವನು, ಆಕಾಶದಲ್ಲಿ ಎಲ್ಲಿಗೆ ಹೋಗುತ್ತಾನೆ?

ಬುಧವಾರ ಬೆಳಿಗ್ಗೆ ಇಬ್ಬರೂ ಮತ್ತೆ ಹಾರಿದರು. ಎತ್ತರಕ್ಕೆ ಬಂದ ಮೇಲೆ ಸರ್ಫರಾಜ ಪೆಟ್ಟಿಗೆಗೆ ವಿಮಾನವನ್ನು ಒಪ್ಪಿಸಿದ.

"ಇವತ್ತು ಚಕ್ರ ಮುಟ್ಟಬ್ಯಾಡ. ಕೈ ತೊಡಿ ಮ್ಯಾಲಿಟ್ಕೊಂಡು ಕುಂದ್ರು."

ಶಿವಯೋಗಿ ಬಿಳಿಚಿಕೊಂಡ. "ಯಾಕಲೇ?"

"ಸುಮ್ಮನ ಕುಂದ್ರು ಅಂದ್ರ ಕುಂದ್ರು."

ಉಜ್ಜಿನಿಯ ಗುಡಿಯ ಗೋಪುರ ಎದುರಾಯಿತು. ಸರ್ಫರಾಜ ಎಂಜಿನ್ ತಗ್ಗಿಸಿ ವೇಗ ಇಳಿಸಿದ. ವಿಮಾನ ಎತ್ತರ ಬಿಟ್ಟುಕೊಡಲಿಲ್ಲ. ಶಿವಯೋಗಿಯ ಬೆರಳುಗಳು ತೊಡೆಯ ಬಟ್ಟೆಯನ್ನು ಹಿಡಿದು ಹಿಂಡುತ್ತಿದ್ದವು. ಸರ್ಫರಾಜನಿಗೆ ಕನಿಕರ ಉಕ್ಕಿ ಬಂತು.

"ನೋಡು, ನೀ ಮುಟ್ಟಲಿಲ್ಲ. ಏನಾರ ಆತಾ? ಪೆಟಗಿ ಸೈತ ಕರೀಲಿಲ್ಲ. ಎಲ್ಲಾ ಸರಿ ಐತಿ," ಎಂದ ಮೆತ್ತಗೆ. "ದಾವಣಗೆರಿಗೆ ಹೋಗಿದ್ದು ನಂಗ ಗೊತ್ತೈತಿ. ಎಂಥಾ ರೋಗ ಇದ್ರೂ ನಾ ಇದೀನಿ. ಡಾಕ್ಟ್ರು ಏನಂದ್ರು ಹೇಳು."

ಶಿವಯೋಗಿಯ ಕಣ್ಣು ತುಂಬಿದವು. "ಕರಕೊಂಡು ಬರ್ರಿ, ನೋಡ್ತೀನಿ ಅಂದ್ರು."

"ಯಾರನ್ನ?"

ಶಿವಯೋಗಿ ಅಂಗೈಯಿಂದ ಕಣ್ಣೊರೆಸಿಕೊಂಡ. ಗೆಳೆಯನಿಗೆ ಹೇಳಿಕೊಳ್ಳಲಾಗುತ್ತಿಲ್ಲ, ಇಳಿದ ಮೇಲೆ ಕೇಳಿದರಾಯಿತು ಎಂದುಕೊಂಡು ಸರ್ಫರಾಜ ಪೆಟ್ಟಿಗೆ ಬಂದ್ ಮಾಡಲು ಕೈ ಚಾಚಿದ. ಶಿವಯೋಗಿ ಅವನ ಮಣಿಕಟ್ಟನ್ನು ಗಪ್ಪನೆ ಹಿಡಿದ. ಆ ಹಿಡಿತ ಇಕ್ಕಳದಂತಿತ್ತು, ಒಂದಿಷ್ಟೂ ನಡುಗುತ್ತಿರಲಿಲ್ಲ. ಇನ್ನೊಂದು ಕೈಯಿಂದ ಅವನು ಸರ್ಫರಾಜನ ಹೆಡ್‌ಫೋನನ್ನು ಪಕ್ಕಕ್ಕೆ ಸರಿಸಿ, ಕಿವಿಗೇ ಬಾಯಿಟ್ಟು ಕೂಗಿದ:

"ಬಂದ್ ಮಾಡಬ್ಯಾಡಲೇ! ಉಜ್ಜಿನಿ ಕಂಡಾಗಿಂದ ಪೆಟಗಿ ಕೀಂಗುಡಾಕ ಹತ್ತೈತಿ."